ಅರ್ಪಿತವಲ್ಲದುದು ಪ್ರಸಾದವಲ್ಲ

ಶಿವಭಕ್ತನಾದವನ ದಿನಚರಿ ಪ್ರಾರಂಭವಾಗುವುದು ಕರಸ್ಥಲದಲ್ಲಿ. ಪ್ರಾತಃಕಾಲದಲ್ಲೆದ್ದು, ಸ್ನಾನವನ್ನು ಮುಗಿಸಿ, ಶ್ರೀ ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ಕರಡಿಗೆಯಿಂದ ಅಂಗೈಗೆ ಬಿಜಯಂಗೈಸಿಕೊಂಡು, ನೆಟ್ಟ ನೋಟದಿಂದ ನಿರೀಕ್ಷಿಸಿ ಪೂಜಿಸಿದ ತರುವಾಯವೇ ಅವನು ಲೋಕವ್ಯವಹಾರಕ್ಕೆ ಕೈನೀಡುವನು. ಉಣ್ಣುವ ಅನ್ನವಾಗಲಿ, ಕುಡಿಯುವ ನೀರಾಗಲಿ ಮೊದಲು ಲಿಂಗಕ್ಕೆ ಅರ್ಪಿತವಾಗಿ, ಅನಂತರ ಪ್ರಸಾದರೂಪದಿಂದ ಅವನ ಬಾಯಿಗೆ ಬರತಕ್ಕದ್ದು. ಅರ್ಪಿಸದೆ ಕೊಂಡುದು ಅನರ್ಪಿತ. ಅದು ಎಷ್ಟೇ ರುಚಿಕರವಾಗಿದ್ದರೂ ಭಕ್ತನಿಗೆ ಸಲ್ಲದು. ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲದ ಮರ್ಮವೆಲ್ಲ ಈ ಒಂದು ನಿಯಮದಲ್ಲಿ ಅಡಗಿದೆ.

ಈ ನಿಯಮವು ಕೇವಲ ಊಟದ ಪಂಕ್ತಿಗೆ ಸಂಬಂಧಿಸಿದ ಮಡಿಯೆಂದು ತಿಳಿದವರುಂಟು. ಹಾಗಲ್ಲ. ಇದು ಬಾಳಿಗೆ ಹಿಡಿದ ಒರೆಗಲ್ಲು. ಒಂದು ವಸ್ತು ಸೇವ್ಯವೋ ಅಸೇವ್ಯವೋ ಎಂಬ ಸಂಶಯ ಬಂದಾಗ ಭಕ್ತನು ಶಾಸ್ತ್ರಗಳ ರಾಶಿಯನ್ನು ತೆರೆದು ಕುಳಿತುಕೊಳ್ಳಬೇಕಾಗಿಲ್ಲ. “ಇದನ್ನು ನನ್ನ ಅಂಗೈಯ ಲಿಂಗಕ್ಕೆ ಅರ್ಪಿಸಬಲ್ಲೆನೆ?” ಎಂದು ತನ್ನನ್ನೇ ಕೇಳಿಕೊಂಡರೆ ಸಾಕು. ಹಾಲನ್ನು ಅರ್ಪಿಸಬಹುದು, ಅಂಬಲಿಯನ್ನು ಅರ್ಪಿಸಬಹುದು, ರೋಗಿಯಾದವನು ವೈದ್ಯನು ಕೊಟ್ಟ ಕಹಿಯಾದ ಔಷಧಿಯನ್ನೂ ಅರ್ಪಿಸಿ ಕೊಳ್ಳಬಹುದು. ಆದರೆ ಗಾಂಜಾ ತುಂಬಿದ ಚಿಲುಮೆಯನ್ನು, ಮದ್ಯದ ಸೀಸೆಯನ್ನು, ಕದ್ದು ತಂದ ಮತ್ತಿನ ಮಾತ್ರೆಯನ್ನು ಹಿಡಿದ ಕೈ ಲಿಂಗದ ಮುಂದೆ ತಾನಾಗಿಯೇ ಹಿಂಜರಿಯುವುದು. ಆ ಹಿಂಜರಿಕೆಯೇ ಉತ್ತರ.

ಸಂಸ್ಕೃತದಲ್ಲಿ ಇಂತಹ ಚಟಗಳಿಗೆ ‘ವ್ಯಸನ’ವೆಂದು ಹೆಸರು. ‘ವಿ’ ಎಂಬ ಉಪಸರ್ಗವೂ, ಎಸೆಯುವುದು ಎಂಬರ್ಥದ ‘ಅಸ್’ ಧಾತುವೂ ಸೇರಿ ಆದ ಪದವಿದು. ಮನುಷ್ಯನನ್ನು ಅವನ ಶ್ರೇಯಸ್ಸಿನಿಂದ ದೂರಕ್ಕೆ ಎಸೆದುಬಿಡುವುದು ಯಾವುದೋ ಅದೇ ವ್ಯಸನವೆಂದು ಪ್ರಾಚೀನರು ಅರ್ಥಮಾಡಿದರು. ಸಪ್ತವ್ಯಸನಗಳಲ್ಲಿ ಪಾನವು ಸೇರಿದೆ. ಆದರೆ ಹಿಂದಿನವರು ಕಂಡರಿಯದ ಎಷ್ಟೋ ವಿಷಗಳು ಈಗ ಮನೆಯ ಬಾಗಿಲಿಗೆ ಬಂದು ನಿಂತಿವೆ. ಬಸವಾದಿ ಶರಣರ ಕಾಲದಲ್ಲಿ ಈ ನಾಡಿನಲ್ಲಿ ತಂಬಾಕೇ ಇರಲಿಲ್ಲ. ಅದು ಪೋರ್ಚುಗೀಸರ ಹಡಗುಗಳೊಂದಿಗೆ ಶತಮಾನಗಳ ತರುವಾಯ ಬಂದಿತು. ಅಫೀಮಿನಿಂದ ಮಾರ್ಫಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದ್ದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ. ಅದರಿಂದಲೇ ತಯಾರಾದ ಹೆರಾಯಿನ್ 1898ರಲ್ಲಿ ಯುರೋಪಿನಲ್ಲಿ ಕೆಮ್ಮಿನ ಮದ್ದೆಂಬ ಹೆಸರಿನಿಂದ ಮಾರಾಟಕ್ಕೆ ಬಂದಿತೆಂಬುದನ್ನು ನೆನೆದರೆ, ವಿಷವು ಔಷಧದ ವೇಷದಲ್ಲಿಯೂ ಬರಬಲ್ಲದೆಂಬುದು ಮನವರಿಕೆಯಾಗುವುದು. ಇಂದು ನೋವು ಶಮನದ ಮಾತ್ರೆ, ನಿದ್ರೆಯ ಮಾತ್ರೆ, ಕೆಮ್ಮಿನ ಸಿರಪ್ ಇವುಗಳನ್ನು ವೈದ್ಯರ ಚೀಟಿಯಿಲ್ಲದೆ ಮತ್ತಿಗಾಗಿ ನುಂಗುವ ತರುಣರಿದ್ದಾರೆ. ಪ್ರಯೋಗಶಾಲೆಗಳಲ್ಲಿ ಹುಟ್ಟಿದ ಹರಳು, ಪುಡಿ, ಗುಳಿಗೆಗಳು ಪಟ್ಟಣದ ವಿದ್ಯಾರ್ಥಿಗಳ ಕೈಸೇರುತ್ತಿವೆ. ಅಂಟು, ತೆಳ್ಳಕ, ಬರವಣಿಗೆಯನ್ನು ಅಳಿಸುವ ಬಿಳಿ ದ್ರವ ಇವುಗಳನ್ನು ಬಟ್ಟೆಗೆ ಸುರಿದು ಮೂಸುವ ಎಳೆಯ ಮಕ್ಕಳೂ ಇದ್ದಾರೆ.

ಇವುಗಳು ಕಾಯಕ್ಕೆ ಮಾಡುವ ಕೇಡನ್ನು ಮೊದಲು ತಿಳಿಯತಕ್ಕದ್ದು. ಶರಣರು ಕಾಯವನ್ನು ಹೇಯವೆಂದು ತಳ್ಳಿದವರಲ್ಲ. ಲಿಂಗಧಾರಣೆಗೆ, ಕಾಯಕಕ್ಕೆ, ದಾಸೋಹಕ್ಕೆ ಸಾಧನವಾದ ಶರೀರವನ್ನು ಅವರು ದೇವಾಲಯದಂತೆ ಗೌರವಿಸಿದರು. ಮದ್ಯವು ಆ ಆಲಯದ ಗೋಡೆಗೆ ಹತ್ತಿದ ಗೆದ್ದಲಿನಂತೆ ವರ್ತಿಸುವುದು. ಮೊದಲು ಪಿತ್ತಜನಕಾಂಗದಲ್ಲಿ ಕೊಬ್ಬು ಸೇರುವುದು. ಬಳಿಕ ಅದು ಉರಿಗೊಳ್ಳುವುದು. ಕಡೆಗೆ ಮೃದುವಾದ ಆ ಅಂಗವು ಗಾಯದ ಕಲೆಗಳಿಂದ ಗಟ್ಟಿಯಾಗಿ ಕುಗ್ಗಿಹೋಗುವುದು. ಆಗ ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ರಕ್ತವಾಂತಿಯಾಗಿ ದುಡಿಯುವ ವಯಸ್ಸಿನ ಗಂಡಸರು ಹಾಸಿಗೆ ಹಿಡಿಯುವರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮದ್ಯಪಾನವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಕಾರಣಗಳ ಮೊದಲನೆಯ ವರ್ಗಕ್ಕೆ 1988ರಲ್ಲಿಯೇ ಸೇರಿಸಿದೆ. ಬಾಯಿ, ಗಂಟಲು, ಅನ್ನನಾಳ, ಪಿತ್ತಜನಕಾಂಗ, ಕರುಳು, ಹೆಂಗಸರಲ್ಲಿ ಸ್ತನ ಇವು ಅದರಿಂದ ಪೀಡಿತವಾಗುವ ಸ್ಥಾನಗಳು. ತಂಬಾಕು ಬೆರೆತ ಗುಟಕಾ ಅಗಿಯುವವನ ಬಾಯಿಯೊಳಗಿನ ಪದರವು ಬಿರುಸಾಗಿ, ಬಾಯಿ ತೆರೆಯಲೂ ಬಾರದಂತಾಗಿ, ಕ್ರಮೇಣ ಅಲ್ಲಿಯೇ ಅರ್ಬುದವು ಹುಟ್ಟಬಲ್ಲದು. ಪಂಚಾಕ್ಷರಿಯನ್ನು ಉಚ್ಚರಿಸಬೇಕಾದ ಬಾಯಿಯೇ ಮುಚ್ಚಿಹೋಗುವ ದುರವಸ್ಥೆಯಿದು.

ಅಫೀಮಿನ ಜಾತಿಯ ದ್ರವ್ಯಗಳು ಉಸಿರನ್ನೇ ಕಟ್ಟಿಹಾಕುವುವು. ಮಾತ್ರೆ ಮೀರಿದಾಗ ಉಸಿರಾಟವನ್ನು ನಡೆಸುವ ಮಿದುಳಿನ ಕೇಂದ್ರವು ಮಂದವಾಗಿ, ನಿದ್ರೆಯಲ್ಲಿದ್ದವನು ಎಚ್ಚರಗೊಳ್ಳದೆ ಹೋಗುವನು. ಒಂದೇ ಸೂಜಿಯನ್ನು ಹಲವರು ಬಳಸುವುದರಿಂದ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ರೋಗಾಣುಗಳು ಒಬ್ಬನಿಂದ ಒಬ್ಬನಿಗೆ ದಾಟುವುವು. ಗಾಂಜಾ ‘ಬರಿಯ ಸೊಪ್ಪು’ ಎಂಬ ಮಾತು ತರುಣರಲ್ಲಿ ಪ್ರಚಾರದಲ್ಲಿದೆ. ಆದರೆ ಮನುಷ್ಯನ ಮಿದುಳು ಸುಮಾರು 25 ವರ್ಷಗಳವರೆಗೆ ಬೆಳೆಯುತ್ತಲೇ ಇರುವುದೆಂದೂ, ಆ ವಯಸ್ಸಿನೊಳಗೆ ಪದೇ ಪದೇ ಗಾಂಜಾ ಸೇದಿದವರಲ್ಲಿ ನೆನಪು, ಏಕಾಗ್ರತೆ, ಉತ್ಸಾಹಗಳು ಕುಗ್ಗುವುವೆಂದೂ, ಕೆಲವರಲ್ಲಿ ಇಲ್ಲದ ದನಿ ಕೇಳಿಸುವ, ಎಲ್ಲರೂ ತನ್ನ ಶತ್ರುಗಳೆಂದು ತೋರುವ ಚಿತ್ತವಿಭ್ರಮೆಯ ಅಪಾಯವು ಹೆಚ್ಚುವುದೆಂದೂ ವೈದ್ಯವಿಜ್ಞಾನವು ಕಂಡುಕೊಂಡಿದೆ. ಅಂಟು ಮೂಸುವ ಮಗುವಿನ ಹೃದಯವು ಒಮ್ಮೆಗೇ ನಿಂತುಹೋಗಬಹುದು. ಅದು ಮೊದಲನೆಯ ಸಲವೇ ಆಗಿರಲೂಬಹುದು.

ಕಾಯದ ಕೇಡಿಗಿಂತಲೂ ಸೂಕ್ಷ್ಮವಾದುದು ಮನಸ್ಸಿನ ಕೇಡು. ಅನ್ನವುಂಡಾಗ, ಸ್ನೇಹಿತನನ್ನು ಕಂಡಾಗ, ಒಳ್ಳೆಯ ಕೆಲಸವನ್ನು ಮುಗಿಸಿದಾಗ ಮನಸ್ಸಿಗೆ ಒಂದು ತೃಪ್ತಿಯುಂಟಾಗುವುದಷ್ಟೆ? ಅದರ ಹಿಂದೆ ಮಿದುಳಿನಲ್ಲಿ ಡೋಪಮೀನ್ ಮೊದಲಾದ ರಸಗಳ ಸ್ರಾವವಿರುವುದು. ಮತ್ತಿನ ಪದಾರ್ಥವು ಆ ರಸವನ್ನು ದುಡಿಮೆಯಿಲ್ಲದೆ, ಪ್ರೀತಿಯಿಲ್ಲದೆ, ಒಮ್ಮೆಗೇ ಪ್ರವಾಹದಂತೆ ಹರಿಸಿಬಿಡುವುದು. ಪದೇ ಪದೇ ಹೀಗಾದಾಗ ಮಿದುಳು ಸಹಜವಾದ ಸಂತೋಷಕ್ಕೆ ಕಿವುಡಾಗುವುದು. ನಿನ್ನೆ ಸಾಕಾದ ಪ್ರಮಾಣವು ಇಂದು ಸಾಲದು. ಇಂದು ಸುಖಕ್ಕಾಗಿ ಕೊಂಡವನು ನಾಳೆ ದುಃಖವನ್ನು ತಪ್ಪಿಸಿಕೊಳ್ಳಲು ಕೊಳ್ಳುವನು. ಕೊಳ್ಳದಿದ್ದರೆ ಕೈ ನಡುಗುವುದು, ಮೈ ಬೆವರುವುದು, ನಿದ್ರೆ ದೂರವಾಗುವುದು. “ಬೇಕೆಂದಾಗ ಬಿಡಬಲ್ಲೆ” ಎಂಬುದು ವ್ಯಸನಿಯು ಆಡುವ ಮೊದಲನೆಯ ಸುಳ್ಳು. ಆ ಸುಳ್ಳಿಗೆ ಮೊದಲು ಮೋಸಹೋಗುವವನೂ ಅವನೇ. ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದೊಂದಿದೆ: ಭಕ್ತನು ಶಿವನಿಗೂ ಶಿವಶರಣರಿಗೂ ವಿನೀತನಾದ ಸೇವಕನು. ಇಬ್ಬರು ಒಡೆಯರಿಗೆ ಒಬ್ಬ ಸೇವಕನು ಸಲ್ಲನು. ಸಂಜೆಯಾಗುತ್ತಲೇ ಸೀಸೆಯು ಕರೆದಲ್ಲಿಗೆ ಎದ್ದುಹೋಗುವವನು ಯಾರ ಭೃತ್ಯನೆಂಬುದನ್ನು ಅವನೇ ನಿರ್ಣಯಿಸಲಿ.

ಇಲ್ಲಿ ಒಂದು ಆಕ್ಷೇಪವುಂಟು. “ಶಿವನೇ ಭಂಗಿಯನ್ನು ಸೇವಿಸುವನಲ್ಲವೆ? ಗಾಂಜಾ ಶಿವನ ಪ್ರಸಾದವಲ್ಲವೆ?” ಎಂದು ಕೇಳುವವರು ಜಾತ್ರೆಯ ದಿನಗಳಲ್ಲಿ ಕಾಣಸಿಗುವರು. ಇದಕ್ಕೆ ಸಮಾಧಾನವು ಕಠಿಣವಲ್ಲ. ವೀರಶೈವನು ಪೂಜಿಸುವುದು ಕರಸ್ಥಲದ ಇಷ್ಟಲಿಂಗವನ್ನು; ಜನರು ಕಟ್ಟಿದ ಕತೆಗಳಲ್ಲಿ ಚಿಲುಮೆ ಸೇದುವ ವ್ಯಕ್ತಿಯನ್ನಲ್ಲ. ಪುರಾಣವನ್ನೇ ಪ್ರಮಾಣವಾಗಿ ಹಿಡಿಯುವುದಾದರೂ, ಶಿವನು ಕುಡಿದುದು ಹಾಲಾಹಲವನ್ನು. ಅದು ತನ್ನ ಸುಖಕ್ಕಾಗಿ ಅಲ್ಲ, ಲೋಕವು ಸುಡದಿರಲೆಂದು. ಆ ವಿಷವನ್ನೂ ಅವನು ಒಡಲಿಗೆ ಇಳಿಸದೆ ಕಂಠದಲ್ಲಿಯೇ ತಡೆದನು, ಅದಕ್ಕಾಗಿಯೇ ನೀಲಕಂಠನೆನಿಸಿದನು. ಲೋಕದ ವಿಷವನ್ನು ತಾನು ನುಂಗಿ ಲೋಕವನ್ನು ಕಾಯ್ದವನ ಹೆಸರಿನಲ್ಲಿ, ತಾನು ವಿಷವನ್ನು ನುಂಗಿ ಮನೆಯವರನ್ನು ಸುಡುವುದು ಎಂತಹ ಶಿವಭಕ್ತಿ? ಪ್ರಸಾದವೆಂದರೆ ಪ್ರಸನ್ನತೆ. ಎಚ್ಚರವನ್ನು ಕಳೆಯುವುದು ಪ್ರಸಾದವಾಗಲಾರದು. ಎಚ್ಚರವನ್ನು ಕೊಡುವುದು ಮಾತ್ರ ಪ್ರಸಾದ.

ಒಬ್ಬನ ವ್ಯಸನವು ಒಬ್ಬನಲ್ಲಿಯೇ ನಿಲ್ಲುವುದಿಲ್ಲ. ಭಾರತ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 10ರಿಂದ 75 ವರ್ಷದೊಳಗಿನ ಸುಮಾರು 16 ಕೋಟಿ ಜನರು ಮದ್ಯವನ್ನು ಸೇವಿಸುವವರು. ಸುಮಾರು 3 ಕೋಟಿ ಜನರು ಗಾಂಜಾ, ಭಂಗಿಗಳನ್ನೂ, 2 ಕೋಟಿಗಿಂತ ಹೆಚ್ಚು ಜನರು ಅಫೀಮಿನ ಜಾತಿಯ ದ್ರವ್ಯಗಳನ್ನೂ ಸೇವಿಸುವವರು. ಮೂಸುವ ಚಟವಂತೂ ದೊಡ್ಡವರಿಗಿಂತ ಮಕ್ಕಳಲ್ಲಿಯೇ ಹೆಚ್ಚಾಗಿ ಕಂಡುಬಂದಿತು. ಈ ಅಂಕೆಗಳ ಒಂದೊಂದರ ಹಿಂದೆಯೂ ಒಂದೊಂದು ಮನೆಯಿದೆ: ಸಂತೆಯ ದಿನ ಬರಿಗೈಯಿಂದ ಮರಳಿದ ಯಜಮಾನ, ಒಲೆಯ ಮುಂದೆ ಬರಿಯ ಪಾತ್ರೆಯನ್ನಿಟ್ಟುಕೊಂಡು ಕುಳಿತ ಗೃಹಿಣಿ, ತಂದೆಯ ಹೆಜ್ಜೆಯ ಸಪ್ಪಳಕ್ಕೆ ಬೆದರಿ ಹೊದಿಕೆಯೊಳಗೆ ಮುದುಡುವ ಮಕ್ಕಳು. ಅಡವಿಟ್ಟ ಹೊಲ, ಮಾರಿದ ಎತ್ತು, ರಸ್ತೆಯ ಬದಿಯಲ್ಲಿ ಉರುಳಿದ ವಾಹನ, ಇವುಗಳ ಮೂಲವನ್ನು ಹುಡುಕಿದರೆ ಎಷ್ಟೋ ಸಲ ಒಂದು ಸೀಸೆಯು ಸಿಕ್ಕುವುದು.

ರಾಜ್ಯಾಂಗದ 47ನೆಯ ವಿಧಿಯು ಔಷಧಕ್ಕಲ್ಲದೆ ಮಾದಕ ಪಾನೀಯ ಮತ್ತು ಹಾನಿಕರ ದ್ರವ್ಯಗಳ ಸೇವನೆಯನ್ನು ನಿಲ್ಲಿಸಲು ಸರ್ಕಾರವು ಯತ್ನಿಸಬೇಕೆಂದು ವಿಧಿಸಿದೆ. 1985ರ ಮಾದಕದ್ರವ್ಯಗಳ ಕಾಯಿದೆಯು ಗಾಂಜಾ, ಅಫೀಮು, ಹೆರಾಯಿನ್ ಮೊದಲಾದವುಗಳ ಸಾಗಣೆ, ಮಾರಾಟ, ಸೇವನೆಗಳಿಗೆ ಶಿಕ್ಷೆಯನ್ನು ಗೊತ್ತುಮಾಡಿದೆ. ಕರ್ನಾಟಕದಲ್ಲಿ 2007ನೆಯ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಲಾಯಿತು. 2013ರಲ್ಲಿ ಗುಟಕಾವನ್ನು ನಿಷೇಧಿಸಲಾಯಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ಸಾರಾಯಿಯ ಅಂಗಡಿ ಮುಚ್ಚಿದಾಗ ಕುಡಿಯುವವನು ಬೇರೆ ಹೆಸರಿನ ಮದ್ಯದ ಕಡೆಗೆ ತಿರುಗಿದನು. ಗುಟಕಾದ ಚೀಟಿಗೆ ಬದಲಾಗಿ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆಯಾಗಿ ಕೊಂಡು ಬಾಯಿಯಲ್ಲಿ ಬೆರೆಸಿಕೊಳ್ಳುವವರು ಹುಟ್ಟಿಕೊಂಡರು. ಕಾಯಿದೆಯು ಬೀದಿಯನ್ನು ಕಾಯಬಲ್ಲದು. ಬಾಯಿಯನ್ನು ಕಾಯಬೇಕಾದುದು ಆಚಾರ.

ಆಚಾರದ ಮಾತು ಬಂದಾಗ ಕುಡಿಯುವವನನ್ನು ಮಾತ್ರ ದೂರುವುದು ನ್ಯಾಯವಲ್ಲ. ಸದಾಚಾರವೆಂದರೆ ಸತ್ಯಶುದ್ಧವಾದ ಕಾಯಕದಿಂದ ಗಳಿಸಿ, ಅದರಿಂದ ದಾಸೋಹವನ್ನು ಮಾಡುವುದು. ಮದ್ಯದ ಅಂಗಡಿಗೆ ಮಳಿಗೆಯನ್ನು ಬಾಡಿಗೆಗೆ ಕೊಟ್ಟು, ಆ ಬಾಡಿಗೆಯಲ್ಲಿ ಶ್ರಾವಣಮಾಸದ ದಾಸೋಹಕ್ಕೆ ಅಕ್ಕಿಯ ಚೀಲವನ್ನು ಕಳುಹಿಸುವವನು ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳತಕ್ಕದ್ದು. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಧರ್ಮಪತ್ನಿ ಲಕ್ಕಮ್ಮನು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಕಥೆಯು ಸರ್ವವಿದಿತ. ನೆಲಕ್ಕೆ ಚೆಲ್ಲಿದ ಅಕ್ಕಿಯೇ ಹೆಚ್ಚಾದುದಕ್ಕೆ ಸಲ್ಲದಾಯಿತೆಂದ ಮೇಲೆ, ಮತ್ತೊಬ್ಬನ ಮನೆಯ ಅಕ್ಕಿಯನ್ನು ಕಸಿದು ಬಂದ ಹಣವು ಹೇಗೆ ಸಲ್ಲುವುದು?

ಕಲ್ಯಾಣದಲ್ಲಿ ಹೆಂಡದ ಮಾರಯ್ಯನೆಂಬ ಶರಣನಿದ್ದನು. ಹೆಂಡವನ್ನು ಮಾರುವುದು ಅವನ ವೃತ್ತಿ. ಕುಡಿಯಲು ಬಂದವರಿಗೇ ಕುಡಿತದ ಕೇಡನ್ನು ಬೋಧಿಸಿ ಅವರನ್ನು ತಿದ್ದಿದನೆಂದು ಪರಂಪರೆಯು ಹೇಳುವುದು. ಅವನ ಕೆಲವೇ ವಚನಗಳು ಉಳಿದುಬಂದಿವೆ. ‘ಧರ್ಮೇಶ್ವರಲಿಂಗ’ವೆಂಬುದು ಅವುಗಳ ಅಂಕಿತ. ತನ್ನ ವೃತ್ತಿಯ ಮಾತುಗಳನ್ನೇ ತೆಗೆದುಕೊಂಡು ಅವನು ತತ್ತ್ವವನ್ನು ಹೇಳಿದನು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಶರಣರು ಅವನನ್ನು ತಮ್ಮೊಳಗೆ ಕೂಡಿಸಿಕೊಂಡರು. ಆದರೆ ಅವನ ಹೆಸರಿನಿಂದ ‘ಹೆಂಡದ’ ಎಂಬ ವಿಶೇಷಣವನ್ನು ಅಳಿಸಲಿಲ್ಲ. ಅವನೂ ಅಳಿಸಿಕೊಳ್ಳಲಿಲ್ಲ. ಕಳೆದ ಬಾಳನ್ನು ಮರೆಮಾಡದೆಯೇ ಹೊಸ ಬಾಳನ್ನು ಬಾಳಬಹುದೆಂಬುದಕ್ಕೆ ಆ ಹೆಸರೇ ಸಾಕ್ಷಿಯಾಗಿ ನಿಂತಿದೆ. ಇಂದಿನ ಗೃಹಸ್ಥರು ಕಲಿಯಬೇಕಾದ ಪಾಠವಿದು. ಏಕೆಂದರೆ ವ್ಯಸನವನ್ನು ಬೆಳೆಸುವ ಗೊಬ್ಬರಗಳಲ್ಲಿ ಮರೆಮಾಚುವುದಕ್ಕಿಂತ ಬಲವಾದುದು ಇನ್ನೊಂದಿಲ್ಲ. ಇದಕ್ಕೊಂದು ದೃಷ್ಟಾಂತ:

ಒಂದು ಗ್ರಾಮದಲ್ಲಿ ಒಬ್ಬ ಸದ್ಗೃಹಸ್ಥನಿದ್ದನು. ಹೊಲ, ಮನೆ, ಊರಲ್ಲಿ ಮರ್ಯಾದೆ ಎಲ್ಲವೂ ಇದ್ದುವು. ಒಬ್ಬನೇ ಮಗ, ಓದಲೆಂದು ಪಟ್ಟಣಕ್ಕೆ ಹೋದವನು ಎರಡನೆಯ ವರ್ಷದಲ್ಲಿಯೇ ಮರಳಿ ಬಂದನು. ಗೆಳೆಯರೊಂದಿಗೆ ಗಾಂಜಾದಿಂದ ಪ್ರಾರಂಭವಾದುದು ಮಾತ್ರೆಗಳಿಗೆ ಮುಟ್ಟಿತ್ತು. ತಂದೆಗೆ ತಿಳಿದಿತ್ತು, ಆದರೆ ಕೇಳಿದವರಿಗೆಲ್ಲ “ಮಗನಿಗೆ ಪಟ್ಟಣದ ನೀರು ಒಗ್ಗಲಿಲ್ಲ” ಎಂದು ಹೇಳಿದನು. ವರ್ಷ ಕಳೆಯಿತು. “ಮದುವೆಯಾದರೆ ತಾನಾಗಿಯೇ ದಾರಿಗೆ ಬರುವನು” ಎಂದು ಬಂಧುಗಳು ಸಲಹೆಯಿತ್ತರು. ದೂರದ ಊರಿನ ಕನ್ಯೆಯನ್ನು ನೋಡಿದ್ದಾಯಿತು. ತಂದೆತಾಯಿಗಳಿಬ್ಬರೂ ಅಪ್ಪಣೆಯನ್ನು ಬೇಡಲು ಮಠಕ್ಕೆ ಬಂದರು.

ಮಠದ ಅಯ್ಯನವರು ವೃದ್ಧರು. ಎಲ್ಲವನ್ನೂ ಕೇಳಿ, “ಮಗನು ಏಕೆ ಬರಲಿಲ್ಲ, ಗೌಡರೇ? ದಿನವೂ ಲಿಂಗಪೂಜೆಯನ್ನು ಮಾಡಿಕೊಳ್ಳುವನಷ್ಟೆ?” ಎಂದು ಕೇಳಿದರು.

“ಮಾಡಿಕೊಳ್ಳುವನು, ಅಪ್ಪಾವರೇ” ಎಂದನು ಗೌಡ.

ತಾಯಿಯು ಅಷ್ಟು ಹೊತ್ತೂ ತಲೆತಗ್ಗಿಸಿ ಕುಳಿತಿದ್ದಳು. ಆ ಮಾತನ್ನು ಕೇಳಿದೊಡನೆ ಅವಳಿಗೆ ತಡೆಯದಾಯಿತು. “ಅಪ್ಪಾವರೇ, ಗುರುವಿನ ಮುಂದೆ ಸುಳ್ಳಾಡಿದರೆ ನನಗೆ ಗತಿಯಿಲ್ಲ. ಅವರ ಅಜ್ಜನ ಕಾಲದ ಬೆಳ್ಳಿಯ ಕರಡಿಗೆ ಮೂರು ತಿಂಗಳಿಂದ ಮನೆಯಲ್ಲಿಲ್ಲ. ಮಗ ಅದನ್ನು ಮಾರಿಬಿಟ್ಟ. ಲಿಂಗವನ್ನು ಒಂದು ಅರಿವೆಯಲ್ಲಿ ಸುತ್ತಿ ದೇವರ ಜಗಲಿಯ ಮೂಲೆಯಲ್ಲಿಟ್ಟಿದ್ದ. ನಾನು ದಿನವೂ ಅದಕ್ಕೆ ನೀರೆರೆದು ಪತ್ರಿಯನ್ನು ಏರಿಸುತ್ತ ಬಂದಿದ್ದೇನೆ” ಎಂದು ಸೆರಗಿನಿಂದ ಮುಖವನ್ನು ಮುಚ್ಚಿಕೊಂಡಳು.

ಗೌಡನು ನಾಚಿಕೆಯಿಂದ ನೆಲವನ್ನೇ ನೋಡುತ್ತಿದ್ದನು. ಬಹಳ ಹೊತ್ತಿನ ಮೇಲೆ ಅಯ್ಯನವರು ನುಡಿದರು: “ಗೌಡರೇ, ಕರಡಿಗೆ ಹೋದುದಕ್ಕೆ ನೀವು ಅಂಜಬೇಡಿರಿ. ಅವನು ಲಿಂಗವನ್ನು ಬೀದಿಗೆ ಎಸೆಯಲಿಲ್ಲ; ಅರಿವೆಯಲ್ಲಿ ಸುತ್ತಿ ಜಗಲಿಯ ಮೇಲಿಟ್ಟನು. ಅಷ್ಟು ಎಚ್ಚರ ಅವನಲ್ಲಿ ಇನ್ನೂ ಉಳಿದಿದೆ. ನೀವಾದರೋ ಮಗನನ್ನೇ ಅರಿವೆಯಲ್ಲಿ ಸುತ್ತಿ ಮೂಲೆಯಲ್ಲಿ ಇಟ್ಟಿದ್ದೀರಿ. ಈಗ ಮತ್ತೊಬ್ಬರ ಮಗಳನ್ನು ತಂದು ಆ ಮೂಲೆಗೆ ನೂಕಬೇಕೆಂದಿದ್ದೀರಿ. ಆ ಕನ್ಯೆ ವೈದ್ಯಳೆ, ಮದ್ದೆ? ಈ ಮದುವೆಗೆ ಮಠದ ಅಪ್ಪಣೆಯಿಲ್ಲ. ನಾಳೆ ಬೆಳಗ್ಗೆ ಮಗನನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಡಿರಿ. ಕೇಳಿದವರಿಗೆ ಎಲ್ಲಿಗೆ ಹೋಗುತ್ತೀರೆಂಬುದನ್ನು ಹೇಳಿಯೇ ಹೊರಡಿರಿ.”

ಗೌಡನು ಹಾಗೆಯೇ ಮಾಡಿದನು. ಮೊದಲು ಊರು ಆಡಿಕೊಂಡಿತು. ಬಳಿಕ ಅದೇ ಊರಿನ ಇನ್ನಿಬ್ಬರು ತಂದೆಯರು ಕತ್ತಲಾದ ಮೇಲೆ ಅವನ ಮನೆಗೆ ಬಂದು, ಆಸ್ಪತ್ರೆಯ ದಾರಿಯನ್ನು ಕೇಳಿಕೊಂಡು ಹೋದರು. ಮಗನು ಒಮ್ಮೆ ಗುಣವಾಗಿ, ಮತ್ತೆ ಜಾರಿ, ಎರಡನೆಯ ಸಲ ಚಿಕಿತ್ಸೆಯನ್ನು ಪಡೆದು ಹೊಲಕ್ಕೆ ಇಳಿದನು. ಅವನ ಕೊರಳಲ್ಲಿ ಈಗ ಬೆಳ್ಳಿಯ ಕರಡಿಗೆಯಿಲ್ಲ. ತಾಯಿಯು ಹೊಲಿದುಕೊಟ್ಟ ಬಿಳಿಯ ವಸ್ತ್ರದಲ್ಲಿ ಲಿಂಗವಿದೆ.

ಈ ದೃಷ್ಟಾಂತದಿಂದ ಗೃಹಸ್ಥರು ಗ್ರಹಿಸಬೇಕಾದುವು ಹಲವುಂಟು. ವ್ಯಸನವು ಪಾಪವೆಂದು ಬೈದುದರಿಂದಲೂ, ಕೋಣೆಯಲ್ಲಿ ಕಟ್ಟಿಹಾಕಿದುದರಿಂದಲೂ ಹೋಗತಕ್ಕದ್ದಲ್ಲ. ಅದು ಚಿಕಿತ್ಸೆಗೆ ಒಳಗಾಗಬಲ್ಲ ರೋಗ. ಬಹುಕಾಲ ಅತಿಯಾಗಿ ಕುಡಿದವನು ಒಮ್ಮೆಗೇ ಬಿಟ್ಟಲ್ಲಿ ಎರಡು ಮೂರು ದಿನಗಳೊಳಗೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಆದುದರಿಂದ ಬಿಡಿಸುವುದು ವೈದ್ಯರ ಕಣ್ಣಮುಂದೆಯೇ ನಡೆಯತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ, ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ವಿಭಾಗ ಇವುಗಳಲ್ಲಿ ಇದಕ್ಕೆ ಚಿಕಿತ್ಸೆಯುಂಟು. ಕೇಂದ್ರ ಸರ್ಕಾರದ 14446 ಎಂಬ ದೂರವಾಣಿಯ ಸಂಖ್ಯೆಗೆ ಕರೆಮಾಡಿ ಹಣವಿಲ್ಲದೆ ಸಲಹೆಯನ್ನು ಪಡೆಯಬಹುದು. ಪೊಲೀಸರ ಭಯದಿಂದ ಹಿಂಜರಿಯುವವರು ತಿಳಿಯತಕ್ಕದ್ದೇನೆಂದರೆ, ಮಾದಕದ್ರವ್ಯವನ್ನು ತಾನು ಸೇವಿಸಿದ ಅಪರಾಧಕ್ಕೆ ಒಳಗಾದ ವ್ಯಸನಿಯು ತಾನಾಗಿಯೇ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯವಾದ ಸಂಸ್ಥೆಯಲ್ಲಿ ಚಿಕಿತ್ಸೆಯನ್ನು ಪೂರೈಸಿದರೆ, ಮೊಕದ್ದಮೆಯಿಂದ ವಿನಾಯಿತಿ ಪಡೆಯಲು ಆ 1985ರ ಕಾಯಿದೆಯ 64ಎ ವಿಧಿಯಲ್ಲಿಯೇ ಅವಕಾಶವಿದೆ.

ಇಷ್ಟಿದ್ದರೂ ಆಸ್ಪತ್ರೆಯ ಬಾಗಿಲಿಗೆ ಹೋಗುವವರೆಷ್ಟು ಮಂದಿ? ಮೇಲೆ ಹೇಳಿದ 2019ರ ಸಮೀಕ್ಷೆಯಂತೆ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ಉಳಿದ 37 ಜನರಲ್ಲಿ ಹಲವರು ದೂರದಿಂದ, ಬಡತನದಿಂದ, ಅಜ್ಞಾನದಿಂದ ಉಳಿದವರಿರಬಹುದು. ಆದರೆ ಮನೆಯ ಮಾನಕ್ಕೆ ಅಂಜಿ ಅರಿವೆಯಲ್ಲಿ ಸುತ್ತಿ ಮೂಲೆಯಲ್ಲಿ ಇಡಲ್ಪಟ್ಟವರು ಎಷ್ಟು ಜನರೋ! ಗುಣವಾದವನು ಮತ್ತೊಮ್ಮೆ ಜಾರಿದರೆ ಎಲ್ಲವೂ ವ್ಯರ್ಥವಾಯಿತೆಂದು ಕೈಬಿಡಲಾಗದು. ನಡೆಯಲು ಕಲಿಯುವ ಮಗುವು ಬಿದ್ದಾಗ ತಾಯಿಯು ಅದನ್ನು ಎತ್ತುವಳಲ್ಲದೆ, ನಡಿಗೆಯೇ ಬೇಡವೆಂದು ಕುಳ್ಳಿರಿಸುವುದಿಲ್ಲ.

ಗಣಾಚಾರವೆಂಬುದು ಸಮಾಜದ ಕಾವಲು. ಅದು ಪರರ ಮೇಲೆ ಏರಿಹೋಗುವ ಆವೇಶವಲ್ಲ. ತನ್ನ ಕೇರಿಯ ಎಳೆಯರನ್ನು ಕಾಯುವ ಎಚ್ಚರ. ಮದುವೆಯ ಮನೆಯ ಹಿಂದುಗಡೆ ಅಳಿಯನ ಗೆಳೆಯರಿಗೆಂದು ಸೀಸೆಗಳನ್ನು ತರಿಸುವುದನ್ನು ಹಿರಿಯರು ನಿಲ್ಲಿಸಲಿ. ಚುನಾವಣೆಯ ಕಾಲದಲ್ಲಿ ಮತಕ್ಕೆ ಮದ್ಯವನ್ನು ಒಡ್ಡುವವರನ್ನು ಮಹಿಳೆಯರು ಬಾಗಿಲಿನಿಂದಲೇ ಹಿಂದಿರುಗಿಸಲಿ. ತಂದೆಯು ತನ್ನ ಬಾಯಿಯ ತಂಬಾಕನ್ನು ಉಗುಳಿದ ತರುವಾಯ ಮಗನಿಗೆ ಬುದ್ಧಿಯನ್ನು ಹೇಳಲಿ. ಮಕ್ಕಳೊಡನೆ ದಿನಕ್ಕೊಮ್ಮೆ ಕುಳಿತು ಉಣ್ಣುವ, ಅವರ ಗೆಳೆಯರಾರೆಂಬುದನ್ನು ಕೇಳುವ, ಸೋತು ಬಂದಾಗ ಬಯ್ಯದೆ ಆಲಿಸುವ ಮನೆಯಲ್ಲಿ ವಿಷಕ್ಕೆ ಒಳಬರುವ ದಾರಿ ಕಿರಿದು.

ಇಳಕಲ್ಲಿನ ವಿಜಯ ಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಒಂದು ಜೋಳಿಗೆಯನ್ನು ಹೆಗಲಿಗೇರಿಸಿ ಊರೂರು ತಿರುಗತೊಡಗಿದರು. ಜಂಗಮನ ಜೋಳಿಗೆಗೆ ಜನರು ಜೋಳವನ್ನೋ ಅಕ್ಕಿಯನ್ನೋ ನೀಡುವುದು ವಾಡಿಕೆ. ಅವರು ಬೇಡಿದುದು ಅದನ್ನಲ್ಲ. ಕುಡಿತವನ್ನು, ತಂಬಾಕನ್ನು, ಜೂಜನ್ನು, ನಿಮ್ಮನ್ನು ಕಾಡುತ್ತಿರುವ ಯಾವ ಚಟವೇ ಇರಲಿ ಅದನ್ನು ಈ ಜೋಳಿಗೆಗೆ ಹಾಕಿರಿ ಎಂದು ಕೇಳಿದರು. ಗುಡಿಸಲು, ಮಹಡಿ, ಜಾತಿ, ಮತ ಎಂಬ ಭೇದವೆಣಿಸದೆ ಮನೆಮನೆಯ ಮುಂದೆ ನಿಂತರು. ಜನರು ಬೀಡಿಯ ಕಟ್ಟುಗಳನ್ನು, ತಂಬಾಕಿನ ಚೀಲಗಳನ್ನು ಅದರಲ್ಲಿ ಹಾಕಿ ಸಂಕಲ್ಪವನ್ನು ಮಾಡಿದರು. ‘ಮಹಾಂತ ಜೋಳಿಗೆ’ಯೆಂದು ಪ್ರಸಿದ್ಧವಾದ ಈ ಕಾರ್ಯವನ್ನು 2018ರಲ್ಲಿ ಲಿಂಗೈಕ್ಯರಾಗುವವರೆಗೂ ಅವರು ಬಿಡಲಿಲ್ಲ. ಅವರ ಜನ್ಮದಿನವಾದ ಆಗಸ್ಟ್ 1ನೆಯ ತಾರೀಖು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲ್ಪಡುತ್ತಿದೆ.

ಆ ಜೋಳಿಗೆಯ ಅರ್ಥವನ್ನು ಚಿಂತಿಸಿದರೆ, ಪ್ರಾರಂಭದಲ್ಲಿ ಹೇಳಿದ ಮಾತಿಗೆ ಪೂರ್ಣತೆಯು ಬರುವುದು. ಮತ್ತಿನ ಪದಾರ್ಥವನ್ನು ಲಿಂಗಕ್ಕೆ ಅರ್ಪಿಸಲಾಗದು. ಅದನ್ನು ಕೊಂಡವನಿಗೆ ಅದು ಪ್ರಸಾದವಾಗದು. ಆದರೆ ಅದರ ಮೇಲಿನ ಆಸೆಯನ್ನು ಅರ್ಪಿಸಬಹುದು. ಅದರಿಂದ ಜರ್ಝರಿತವಾದ ಕಾಯವನ್ನು, ನಾಚಿಕೆಯಿಂದ ತಲೆತಗ್ಗಿದ ಮನಸ್ಸನ್ನು, ಕೆಟ್ಟ ಮಗನನ್ನು, ಕುಗ್ಗಿದ ಮನೆಯನ್ನು, ಇದ್ದುದನ್ನು ಇದ್ದಂತೆಯೇ ಅರ್ಪಿಸಬಹುದು. ಅರ್ಪಿಸಿದುದನ್ನು ಲಿಂಗವು ಪ್ರಸಾದವಾಗಿ ಹಿಂದಕ್ಕೆ ಕೊಡುವುದೆಂಬುದು ಶಿವಭಕ್ತರ ವಿಶ್ವಾಸ. ಹಾಗೆ ಹಿಂದಕ್ಕೆ ಬಂದ ಮಗನು ಮೊದಲಿನ ಮಗನಲ್ಲ, ಪ್ರಸಾದಪುತ್ರ. ಹಾಗೆ ಹಿಂದಕ್ಕೆ ಬಂದ ಕಾಯವು ಮತ್ತೆ ಕಾಯಕಕ್ಕೆ ಯೋಗ್ಯವಾದ ಪ್ರಸಾದಕಾಯ.

ಆದುದರಿಂದ ಸದ್ಭಕ್ತರು ಇಂದಿನ ಪೂಜೆಯ ಕಾಲದಲ್ಲಿ ಅಂಗೈಯನ್ನು ಒಮ್ಮೆ ನೋಡಿಕೊಳ್ಳಲಿ. ಲಿಂಗವು ಕುಳಿತ ಆ ಕೈ ಹಗಲೆಲ್ಲ ಏನನ್ನು ಹಿಡಿಯುವುದು, ಏನನ್ನು ಮಾರುವುದು, ಯಾರನ್ನು ಮರೆಮಾಡುವುದು ಎಂಬುದನ್ನು ವಿಚಾರಿಸಿಕೊಳ್ಳಲಿ. ಅದರಲ್ಲಿ ಅರ್ಪಿಸಲಾಗದುದು ಏನಾದರೂ ಇದ್ದರೆ ಇಂದೇ ಬಿಡಲಿ. ಬಿಡಲಾರದೆ ಬಳಲುವವರು ಮನೆಯಲ್ಲಿದ್ದರೆ ಅವರ ಕೈಯನ್ನು ಹಿಡಿಯಲಿ. ಸರ್ವರ ಕರಸ್ಥಲವೂ ಶುದ್ಧವಾಗಲಿ. ಸರ್ವರ ಮನೆಯೂ ಪ್ರಸಾದದ ಮನೆಯಾಗಲಿ.

ಸರ್ವೇಷಾಂ ಶಿವಂ ಭವತು.